ಹುಟ್ಟಿದ ಮೇಲೆ ಮುಚ್ಚಿಕೊಳ್ಳುವ ಜೀನು

ಕೆಳಗಿನ ಮಹಡಿಯ ಅಜ್ಜಿ ಮೊಮ್ಮಗನ ರಕ್ತದ ರಿಪೋರ್ಟನ್ನು ವಾಟ್ಸಾಪಿಗೆ ಕಳಿಸಿ, ನಾನು ನೋಡುವಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದೇಬಿಟ್ಟರು. "ನೋಡವಾ, ಎಚ್‌ಬಿಎಫ್ ಎಪ್ಪತ್ನಾಕು ಅಂತ ಬರದಾರ. ಬಾಜೂಕ ಎರಡರ ಒಳಗ ಇರಬೇಕು ಅಂತೈತಿ. ಕೂಸಿಗೆ ಏನಾಗೇತಿ?"

ಕೂಸಿಗೆ ಏನೂ ಆಗಿರಲಿಲ್ಲ. ಎಚ್‌ಬಿಎಫ್ ಅಂದರೆ ಗರ್ಭದಲ್ಲಿರುವಾಗಿನ ಹಿಮೋಗ್ಲೋಬಿನ್, ಒಟ್ಟು ಹಿಮೋಗ್ಲೋಬಿನ್‌ನಲ್ಲಿ ಅದು ನೂರಕ್ಕೆ ಎಷ್ಟು ಅಂತ ಲೆಕ್ಕ. ಹದಿನೈದು ದಿನದ ಮಗುವಿಗೆ ಅಷ್ಟು ಇರಲೇಬೇಕು. ಲ್ಯಾಬಿನವರು ದೊಡ್ಡವರ ನಾರ್ಮಲ್ ರೇಂಜನ್ನೇ ಅದರ ಪಕ್ಕದಲ್ಲೂ ಛಾಪಿಸಿ ಕೈತೊಳೆದುಕೊಂಡಿದ್ದರು. ಇಂಥದ್ದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನ್ನ ಮನೆ, ಕಲ್ಯಾಣದಲ್ಲಿ ಕೆಲಸ. ದಿನವಿಡೀ ಎಚ್‌ಪಿಎಲ್‌ಸಿ ಮಶೀನಿನ ಮುಂದೆ ಕೂಡುತ್ತೇನೆ. ರಕ್ತದಲ್ಲಿರುವ ಬೇರೆಬೇರೆ ಹಿಮೋಗ್ಲೋಬಿನ್‌ಗಳನ್ನು ಅದು ಬಿಡಿಸಿ ತೋರಿಸುತ್ತದೆ. ಪರದೆಯ ಮೇಲೆ ಮೊದಲು ಎಫ್, ಆಮೇಲೆ ದೊಡ್ಡವರಲ್ಲಿ ಮುಖ್ಯವಾದ ಎ, ಕೊನೆಗೆ ಅವರಲ್ಲಿ ಸ್ವಲ್ಪವೇ ಇರುವ ಎ2, ಒಂದೊಂದಕ್ಕೂ ಒಂದೊಂದು ಗುಡ್ಡ. ದೊಡ್ಡವರಲ್ಲಿ ಎಫ್‌ನ ಗುಡ್ಡ ಕಂಡೂ ಕಾಣದಷ್ಟು ಸಣ್ಣದು. ಎಳೆಗೂಸಿನಲ್ಲಿ ಅದೇ ಎಲ್ಲಕ್ಕಿಂತ ಎತ್ತರ.

ಯಾಕೆ ಅಂದರೆ, 11ನೇ ಕ್ರೋಮೋಸೋಮಿನ ಒಂದು ತುಂಡಿನಲ್ಲಿ ಎಪ್ಸಿಲಾನ್, ಎರಡು ಗ್ಯಾಮಾ, ಡೆಲ್ಟಾ, ಬೀಟಾ ಅಂತ ಗ್ಲೋಬಿನ್ ಜೀನುಗಳು, ಅಂದರೆ ಹಿಮೋಗ್ಲೋಬಿನ್‌ನ ಪ್ರೋಟೀನು ಮಾಡಿಸುವ ಜೀನುಗಳು, ಸಾಲಾಗಿ ಕೂತಿವೆ. ಚರ್ಮದ ಜೀವಕೋಶದಲ್ಲೂ ಈ ಸಾಲು ಇದೆ, ಆದರೆ ಅಲ್ಲಿ ಅದನ್ನು ಯಾರೂ ಓದುವುದಿಲ್ಲ. ಕೆಂಪು ರಕ್ತಕಣವಾಗಲಿರುವ ಕೋಶ ಮಾತ್ರ ಓದುತ್ತದೆ, ಅದೂ ಸರದಿಯ ಮೇಲೆ. ಗರ್ಭದ ಮೊದಲ ವಾರಗಳಲ್ಲಿ ಎಪ್ಸಿಲಾನ್, ಆಮೇಲೆ ಹುಟ್ಟುವ ತನಕ ಮುಖ್ಯವಾಗಿ ಗ್ಯಾಮಾ, ಹುಟ್ಟಿದ ಮೇಲೆ ಬೀಟಾ. ಕೂತ ಕ್ರಮ ಯಾವುದೋ ತೆರೆಯುವ ಕ್ರಮವೂ ಅದೇ. ಗ್ಯಾಮಾದಿಂದ ಆಗುವ ಎಚ್‌ಬಿಎಫ್ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ತಾಯಿಯ ರಕ್ತದಿಂದ ಎಳೆದುಕೊಳ್ಳಬೇಕಲ್ಲ.

ನಮ್ಮ ಧಾರವಾಡದಲ್ಲಿ ನೀರು ಬಿಡುವ ವಾಲ್ವ್‌ಮನ್ ಇದ್ದನಲ್ಲ, ಮೇನ್ ಪೈಪ್ ಒಂದೇ, ಇವತ್ತು ಈ ಓಣಿಗೆ ತಿರುವಿದರೆ ಆ ಓಣಿ ಒಣ, ಇಲ್ಲೂ ಹಾಗೇ. ಸಾಲಿನ ಮುಂದೆ, ಸ್ವಲ್ಪ ದೂರದಲ್ಲಿ, ಎಲ್‌ಸಿಆರ್ ಎನ್ನುವ ಭಾಗವಿದೆ. ಡಿಎನ್‌ಎ ಬಾಗಿ ಸುರುಳಿಯಾಗಿ, ಆ ಭಾಗ ಯಾವ ಜೀನಿಗೆ ಬಂದು ತಾಗುತ್ತದೋ ಅದು ಜೋರಾಗಿ ನಡೆಯುತ್ತದೆ. ಹುಟ್ಟಿದ ಮೇಲೆ ಗ್ಯಾಮಾವನ್ನು ಅದುಮಿ ಹಿಡಿಯುವುದು ಬಿಸಿಎಲ್11ಎ ಎಂಬ ಪ್ರೋಟೀನು. ಅದರ ಈ ಕೆಲಸ ಪತ್ತೆಯಾದದ್ದು 2008ರಲ್ಲಿ, ಅಂದರೆ ಮೊನ್ನೆ ಮೊನ್ನೆ.

ಥಲಸ್ಸೀಮಿಯಾ ಮೇಜರ್, ಅಂದರೆ ಅಪ್ಪ-ಅಮ್ಮ ಇಬ್ಬರಿಂದಲೂ ಬರುವ ತೀವ್ರ ರಕ್ತಹೀನತೆಯ ಕಾಯಿಲೆ ಇರುವ ಮಕ್ಕಳಲ್ಲಿ ಕೆಟ್ಟಿರುವುದು ಬೀಟಾ. ಹುಟ್ಟುವಾಗ ಅವು ಗುಂಡುಗುಂಡಗೆ ಚೆನ್ನಾಗಿರುತ್ತವೆ, ಗ್ಯಾಮಾ ಇನ್ನೂ ನಡೆಯುತ್ತಿರುತ್ತದೆ. ಆರು ತಿಂಗಳು ದಾಟುತ್ತಿದ್ದಂತೆ ಬಿಳಿಚಿಕೊಳ್ಳುತ್ತವೆ, ಹಾಲು ಬಿಡುತ್ತವೆ. ಹಲ್ಲು ಬರುವ ಕಾಲ ಅಂತ ಮನೆಯವರು ಸುಮ್ಮನಿರುತ್ತಾರೆ. ಆಮೇಲೆ ಎರಡು ಮೂರು ವಾರಕ್ಕೊಮ್ಮೆ, ನಾಲ್ಕು ವಾರಕ್ಕೊಮ್ಮೆ ರಕ್ತ, ಜೀವನಪೂರ್ತಿ. ನನ್ನನ್ನು ಕೊರೆಯುವುದು ಇದು: ಆ ಮಕ್ಕಳ ಗ್ಯಾಮಾ ಜೀನು ಹಾಳಾಗಿಲ್ಲ. ಮುಚ್ಚಿದೆ ಅಷ್ಟೆ. ದೊಡ್ಡವರಾದರೂ ಗ್ಯಾಮಾ ಪೂರ್ತಿ ಮುಚ್ಚದ ಜನ ಕೆಲವರಿದ್ದಾರೆ, ಅವರು ಆರಾಮಾಗಿಯೇ ಇರುತ್ತಾರೆ. ಅಂಥ ಗ್ರಾಫ್ ಬಂದ ದಿನ ನಾನು ಅದನ್ನು ಹೊಸಬರಿಗೆಲ್ಲ ಕರೆದು ತೋರಿಸುತ್ತೇನೆ.

ಹಾಗಾದರೆ ಬಿಸಿಎಲ್11ಎಯನ್ನೇ ತೆಗೆದುಹಾಕಿದರೆ? ಆಗದು. ಮಿದುಳಿನ ಬೆಳವಣಿಗೆಗೆ, ರೋಗನಿರೋಧಕ ಬಿ ಕೋಶಗಳಿಗೆ ಅದು ಬೇಕು. ಆದರೆ ಆ ಜೀನಿನೊಳಗೇ ಒಂದು ಚಿಕ್ಕ ಎನ್‌ಹಾನ್ಸರ್ ಇದೆ, ಕೆಂಪು ಕಣಗಳ ವಂಶದಲ್ಲಿ ಮಾತ್ರ ಅದನ್ನು ಏರಿಸುವಂಥದ್ದು. ಡಿಎನ್‌ಎ ಕತ್ತರಿಸುವ ಉಪಕರಣವಾದ ಕ್ರಿಸ್ಪರ್‌ನಿಂದ ಅಲ್ಲಿ ಮಾತ್ರ ಕತ್ತರಿಸಿದರೆ ಜೀನು ಉಳಿಯುತ್ತದೆ, ರಕ್ತದಲ್ಲಿ ಅದರ ಹಿಡಿತ ಸಡಿಲವಾಗುತ್ತದೆ, ಗ್ಯಾಮಾ ಮತ್ತೆ ತೆರೆಯುತ್ತದೆ. ಇದನ್ನು ಯೋಚಿಸಿದವರ ಜಾಣತನಕ್ಕೆ ಕೈಮುಗಿಯಬೇಕು. ಕ್ಯಾಸ್ಗೆವಿ ಎಂಬ ಈ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್ ಮೊದಲು ಅನುಮತಿ ಕೊಟ್ಟಿತು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರು. ಮೇಲೆ, ಅಸ್ಥಿಮಜ್ಜೆ ಖಾಲಿ ಮಾಡಲು ಕಠಿಣವಾದ ಕೀಮೋ ಬೇರೆ. ಉಲ್ಲಾಸನಗರದಿಂದ ಬರುವ ಅಪ್ಪ-ಅಮ್ಮಂದಿರಿಗೆ ನಾನು ಅದರ ಹೆಸರೂ ಎತ್ತುವುದಿಲ್ಲ, ಅವರೇ ಕೇಳಿದರೆ ಮಾತ್ರ.

ಅಜ್ಜಿ ಎಲ್ಲ ಕೇಳಿ, "ಅದು ಸಿಂಧಿ ಮಂದಿ ಬ್ಯಾನಿ ಅಲ್ಲೇನ?" ಅಂದರು. ಸಿಂಧಿಗಳಲ್ಲಿ ವಾಹಕರು, ಅಂದರೆ ಕೆಟ್ಟ ಬೀಟಾ ಜೀನು ಒಂದೇ ಇರುವವರು, ಹೆಚ್ಚು, ನಿಜ. ಆದರೆ ಕನ್ನಡದ ಹೆಸರಿರುವ ಟ್ಯೂಬುಗಳಲ್ಲೂ ಎ2 ನೂರಕ್ಕೆ ಮೂರೂವರೆ ದಾಟಿದ್ದನ್ನು ನಾನೇ ನೋಡಿದ್ದೇನೆ, ವಾಹಕರ ಗುರುತು ಅದೇ. ಆ ವಾಹಕರಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಇರುವುದಿಲ್ಲ, ಹಾಗಾಗಿ ಗೊತ್ತೂ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮೇಜರ್ ಆಗುವ ಸಾಧ್ಯತೆ. ಅದಕ್ಕೇ ಅಜ್ಜಿಯ ಎರಡನೇ ಮಗನಿಗೆ, ಬರುವ ವೈಶಾಖದಲ್ಲಿ ಮದುವೆ ಇರುವವನಿಗೆ, ಶನಿವಾರ ಲ್ಯಾಬಿಗೆ ಬಾ ಎಂದು ಹೇಳಿ ಕಳಿಸಿದ್ದೇನೆ. ಅವನ ಎ2 ಸರಿಯಿದ್ದರೆ ಹುಡುಗಿಯ ಕೈಗೆ ಸೂಜಿ ಚುಚ್ಚುವುದೂ ಬೇಕಾಗಲಿಕ್ಕಿಲ್ಲ.