ಒಕ್ಕಣ್ಣ ಗುಲಾಮನಿಗೆ ಅಮ್ಮ ಇಟ್ಟ ಹೆಸರು

ನಮ್ಮ ಮನೆಯಲ್ಲಿ ಇಸ್ಪೀಟು ಅನ್ನೋ ಮಾತೇ ಎತ್ತುವ ಹಾಗಿರಲಿಲ್ಲ. ಕಾರಣ ನಮ್ಮ ಚಿಕ್ಕಪ್ಪ. ನಾನು ಹುಟ್ಟುವ ಮೊದಲೇ ಅವರು ಎಲೆ ಆಡಿ ಒಂದು ಕೈಗಡಿಯಾರ, ಒಂದು ಸೈಕಲ್ಲು, ಅಜ್ಜಿಯ ಒಂದು ಬೆಳ್ಳಿ ಲೋಟ ಕಳೆದಿದ್ದರಂತೆ. ಗಡಿಯಾರ, ಸೈಕಲ್ಲು ಎಲ್ಲರಿಗೂ ಮರೆತುಹೋಗಿದೆ. ಲೋಟವನ್ನು ಮಾತ್ರ ಅಮ್ಮ ಮರೆತಿಲ್ಲ. ಆರು ಇರಬೇಕಾದ ಕಡೆ ಐದೇ ಇವೆ. ಹಳೇ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿದ್ದಾಳೆ. ಹಬ್ಬ ಬಂದರೆ ತೆಗೆಯುತ್ತಾಳೆ, ಒರೆಸುತ್ತಾಳೆ, ಎಣಿಸುತ್ತಾಳೆ, ಮತ್ತೆ ಸುತ್ತಿ ಇಡುತ್ತಾಳೆ. ಅದರಲ್ಲಿ ಯಾರಾದರೂ ನೀರು ಕುಡಿದದ್ದನ್ನು ನಾನಂತೂ ನೋಡಿಲ್ಲ.

ಅಂಥ ಮನೆಗೆ ಮೂರು ವರ್ಷದ ಹಿಂದೆ 104 ಇಸ್ಪೀಟು ಎಲೆ ಒಟ್ಟಿಗೆ ಬಂದವು. ನನ್ನ ಮಗಳ ಹುಟ್ಟುಹಬ್ಬಕ್ಕೆ ಅಕ್ಕ ಸೀಕ್ವೆನ್ಸ್ ಅನ್ನೋ ಆಟದ ಡಬ್ಬಿ ತಂದಿದ್ದಳು. 'ಬೋರ್ಡ್ ಗೇಮ್ ಅಮ್ಮ, ಚೌಕಾಬಾರದ ಥರ' ಅಂದಳು. ಚೌಕಾಬಾರದ ಹೆಸರು ಹೇಳಿದ್ದು ಅಕ್ಕನ ಜಾಣತನ. ಅದರಲ್ಲಿ ಅಮ್ಮನನ್ನು ಸೋಲಿಸಿದವರು ನಮ್ಮ ಕಡೆ ಯಾರೂ ಇಲ್ಲ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ, ಒಂದು ಕಡೆ ಬಿಳಿ ಮಾಡಿಕೊಂಡು ಆಡುತ್ತಿದ್ದಳು. ನಾಲ್ಕೂ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು. ಅಮ್ಮನಿಗೆ ಬೇಕೆಂದಾಗ ಎಂಟು ಬೀಳುತ್ತಿತ್ತು. ಅದು ಹೇಗೆ ಅಂತ ಇವತ್ತಿಗೂ ಗೊತ್ತಿಲ್ಲ.

ಮುಚ್ಚಳ ತೆಗೆದರೆ ಒಳಗೆ ಎರಡು ಕಟ್ಟು ಎಲೆ. ಅಮ್ಮ ಡಬ್ಬಿ ನೋಡಿದಳು, ಅಕ್ಕನ ಮುಖ ನೋಡಿದಳು, ಎದ್ದು ಅಡುಗೆಮನೆಗೆ ಹೋದಳು.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಬೋರ್ಡಿನಲ್ಲಿ ಹತ್ತು ಸಾಲು, ಸಾಲಿಗೆ ಹತ್ತರಂತೆ ನೂರು ಮನೆ. ನಾಲ್ಕು ಮೂಲೆ ಎಲ್ಲರದ್ದು. ಉಳಿದ 96 ಮನೆಗಳಲ್ಲಿ ಇಸ್ಪೀಟು ಎಲೆಗಳ ಚಿತ್ರ, ಒಂದೊಂದು ಎಲೆಗೂ ಎರಡೆರಡು ಮನೆ. ಗುಲಾಮನಿಗೆ, ಅಂದರೆ ಜಾಕ್ ಎಲೆಗೆ, ಮಾತ್ರ ಮನೆ ಇಲ್ಲ. ಕೈಯಲ್ಲಿರುವ ಒಂದು ಎಲೆ ಕೆಳಗೆ ಹಾಕಬೇಕು, ಆ ಎಲೆಯ ಮನೆ ಮೇಲೆ ನಿಮ್ಮ ಬಣ್ಣದ ಬಿಲ್ಲೆ ಇಡಬೇಕು, ಕಟ್ಟಿನಿಂದ ಇನ್ನೊಂದು ಎಲೆ ಎತ್ತಿಕೊಳ್ಳಬೇಕು. ಅಡ್ಡವೋ ಉದ್ದವೋ ಓರೆಯೋ, ಐದು ಬಿಲ್ಲೆ ಸಾಲಾಗಿ ಬಂದರೆ ಒಂದು ಸೀಕ್ವೆನ್ಸ್. ಮೂಲೆ ಸೇರಿಸಿಕೊಂಡರೆ ನಾಲ್ಕು ಬಿಲ್ಲೆ ಸಾಕು. ಎರಡು ತಂಡ ಆದರೆ ಎರಡು ಸೀಕ್ವೆನ್ಸ್ ಮಾಡಿದವರು ಗೆದ್ದರು, ಮೂರು ತಂಡ ಆದರೆ ಒಂದೇ ಸಾಕು.

ಈ ಆಟವನ್ನು 1970ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಡಗ್ಲಸ್ ರಾಯ್ಟರ್ ಅನ್ನುವವರು ಕೂತು ಕಟ್ಟಿದ್ದು. ಅಂಗಡಿಗೆ ಬಂದದ್ದು 1982ರಲ್ಲಿ. ಆ ಮನುಷ್ಯ ಒಂದು ನಿಯಮ ಬರೆದಿದ್ದಾರೆ ನೋಡಿ, ನಮ್ಮಂಥ ಮನೆಯನ್ನು ಅವರು ಕಂಡೇ ಇರಲಿಲ್ಲ ಅಂತ ಅದರಿಂದಲೇ ಗೊತ್ತಾಗುತ್ತದೆ. ಜೊತೆಯವರಿಗೆ ಸೂಚನೆ ಕೊಡುವ ಹಾಗಿಲ್ಲ. ಬಾಯಿ ಬಿಟ್ಟರೆ ಆ ತಂಡದ ಪ್ರತಿಯೊಬ್ಬರೂ ಒಂದೊಂದು ಎಲೆ ಕಳೆದುಕೊಳ್ಳಬೇಕು. ನಮ್ಮಲ್ಲಿ ಉಪ್ಪಿಟ್ಟಿಗೆ ಸಾಸಿವೆ ಹಾಕುವಾಗಲೂ ಮೂರು ಜನ ಸಲಹೆ ಕೊಡುತ್ತಾರೆ.

ಮೊದಲ ದಿನವೇ ಗಲಾಟೆ ಆಯಿತು. ಅಮ್ಮ ಹಾಲಿನ ಮೂಲೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಆಟದ ಕಡೆ ತಿರುಗಿಯೂ ನೋಡುತ್ತಿಲ್ಲ ಅಂತ ನಾವು ಅಂದುಕೊಂಡಿದ್ದೆವು. ನಾನು ಒಂದು ಬಿಲ್ಲೆ ಇಡಲು ಕೈ ಚಾಚಿದೆ. 'ಅಲ್ಲಿ ಯಾಕೋ ಇಡ್ತೀಯ, ಆ ಮೂಲೆ ಪಕ್ಕ ಖಾಲಿ ಇದೆಯಲ್ಲ, ಕಣ್ಣು ಕಾಣಲ್ವಾ?' ಅಂದಳು. ಭಾವ ತಕ್ಷಣ ನಿಯಮದ ಚೀಟಿ ತೆಗೆದರು. ಅವರು ಇಂಥ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನನ್ನದೂ ಮಗಳದೂ ಒಂದೊಂದು ಎಲೆ ಹೋಯಿತು. ಆಡದೇ ಇರುವವರ ಮಾತಿಗೆ ದಂಡ ಎಲ್ಲಿದೆ ಅಂತ ನಾನು ಜಗಳ ಆಡಿದೆ. ಅಮ್ಮ ಸೊಪ್ಪಿನ ಮೊರ ಪಕ್ಕಕ್ಕಿಟ್ಟು, ಕೈ ತೊಳೆದು ಬಂದಳು. 'ಹಾಗಾದ್ರೆ ನಾನೂ ಆಡ್ತೀನಿ. ನಂಗೂ ಹಾಕು ಎಲೆ.'

ಐವತ್ತು ವರ್ಷದ ವ್ರತ ಅಷ್ಟಕ್ಕೇ ಮುಗಿಯಿತು. ದುಡ್ಡಿಟ್ಟು ಆಡುವುದಿಲ್ಲವಲ್ಲ, ಅದಕ್ಕೆ ಪರವಾಗಿಲ್ಲ ಅಂತ ಆಮೇಲೆ ಅವಳೇ ಒಂದು ತೀರ್ಪು ಕೊಟ್ಟುಕೊಂಡಳು.

ಆಟೀನು, ಕಳಾವರು, ಡೈಮಂಡು, ಇಸ್ಪೀಟು, ಎಲೆಯ ನಾಲ್ಕು ಜಾತಿಯೂ ಅವಳಿಗೆ ಗೊತ್ತಿತ್ತು. ಹೇಗೆ ಅಂತ ಯಾರೂ ಕೇಳಲಿಲ್ಲ. ತಲೆಕೆಡಿಸಿದ್ದು ಗುಲಾಮರು. ಎರಡು ಕಟ್ಟಿನಲ್ಲಿ ಎಂಟು ಗುಲಾಮರು. ಕಳಾವರ್ ಮತ್ತು ಡೈಮಂಡ್ ಗುಲಾಮನಿಗೆ ಎರಡು ಕಣ್ಣು ಕಾಣುತ್ತವೆ. ಅವನು ಕೈಯಲ್ಲಿದ್ದರೆ ಬೋರ್ಡಿನ ಯಾವ ಖಾಲಿ ಮನೆಯಲ್ಲಾದರೂ ಬಿಲ್ಲೆ ಇಡಬಹುದು. ಇಸ್ಪೀಟ್ ಮತ್ತು ಆಟೀನ್ ಗುಲಾಮ ಪಕ್ಕಕ್ಕೆ ತಿರುಗಿ ನಿಂತಿರುತ್ತಾನೆ, ಕಾಣುವುದು ಒಂದೇ ಕಣ್ಣು. ಅವನನ್ನು ಹಾಕಿದರೆ ಎದುರಾಳಿಯ ಒಂದು ಬಿಲ್ಲೆ ಎತ್ತಿಬಿಡಬಹುದು. ಪೂರ್ತಿಯಾದ ಸೀಕ್ವೆನ್ಸ್ ಮುಟ್ಟುವ ಹಾಗಿಲ್ಲ, ಎತ್ತಿದ ಮನೆಯಲ್ಲಿ ಅದೇ ಸರದಿಯಲ್ಲಿ ನಿಮ್ಮದನ್ನು ಇಡುವ ಹಾಗೂ ಇಲ್ಲ.

ಅಮ್ಮ ಒಕ್ಕಣ್ಣ ಗುಲಾಮನನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದಳು. 'ಇವನು ಶುಕ್ರಾಚಾರ್ಯ ಕಣೋ' ಅಂದಳು. ಬಲಿ ಚಕ್ರವರ್ತಿ ದಾನ ಕೊಡುವಾಗ ಕಮಂಡಲದ ಬಾಯಿಗೆ ಅಡ್ಡ ಕೂತು, ವಾಮನ ದರ್ಭೆಯಿಂದ ಚುಚ್ಚಿದಾಗ ಒಂದು ಕಣ್ಣು ಕಳೆದುಕೊಂಡವನು. ಅಡ್ಡಗಾಲು ಹಾಕುವ ಕೆಲಸಕ್ಕೆ ಅದಕ್ಕಿಂತ ಒಳ್ಳೇ ಹೆಸರು ಸಿಗಲ್ಲ. ಈಗ ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುವುದು. ಇನ್ನೊಂದು ಹೆಸರೂ ಅವಳದೇ. ಒಂದು ಎಲೆಯ ಎರಡೂ ಮನೆ ತುಂಬಿಹೋದರೆ ಆ ಎಲೆ ಉಪಯೋಗಕ್ಕೆ ಬರಲ್ಲ, ನಿಮ್ಮ ಸರದಿ ಬಂದಾಗ ಬಿಸಾಕಿ ಬೇರೆ ಎತ್ತಿಕೊಳ್ಳಬಹುದು. ನಾವು ಅದನ್ನು ಸತ್ತ ಎಲೆ ಅಂತಿದ್ದೆವು. 'ದೀಪ ಹಚ್ಚೋ ಹೊತ್ನಲ್ಲಿ ಅದೇನು ಮಾತು? ಬಾಡಿದ ಎಲೆ ಅನ್ರೋ' ಅಂತ ಬೈದಳು. ಈಗ ಬಾಡಿದ ಎಲೆ.

ಅಕ್ಕ, ಭಾವ ಇರುವುದು ವೈಟ್‌ಫೀಲ್ಡಿನಲ್ಲಿ. ಮೊದಲು ಅವರು ಬರುತ್ತಿದ್ದದ್ದು ಹಬ್ಬಕ್ಕೆ ಮಾತ್ರ. 2023ರಲ್ಲಿ ಬೆಂಗಳೂರು ಮೆಟ್ರೊದ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ತಿಂಗಳಿಗೆ ಎರಡು ಭಾನುವಾರ ಬರುತ್ತಾರೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜ್ ಹತ್ತಿರ ಇಳಿದು ಆಟೋ. ಆರು ಜನ ಆಗುತ್ತೇವೆ. ಇಬ್ಬಿಬ್ಬರ ಮೂರು ತಂಡ, ಕೈಗೆ ಐದೈದು ಎಲೆ. ಯಾರ ಜೊತೆ ಯಾರು ಅಂತ ಚೀಟಿ ಎತ್ತುತ್ತೇವೆ. ಗಂಡ ಹೆಂಡತಿ ಒಂದೇ ತಂಡ ಬೇಡ ಅನ್ನುವುದು ಅನುಭವದಿಂದ ಬಂದ ನಿಯಮ.

ಭಾವ ಚೆಸ್ ಆಡುವವರು. ಇದೆಲ್ಲ ಅದೃಷ್ಟದ ಆಟ, ಮಕ್ಕಳಾಟ ಅನ್ನುತ್ತಾರೆ. ಅರ್ಧ ನಿಜ. ಎಲೆ ಬರದಿದ್ದರೆ ಯಾರೂ ಏನೂ ಮಾಡೋಕಾಗಲ್ಲ. ಆದರೆ ಭಾವ ಸೋಲುವುದು ಅದೃಷ್ಟದಿಂದಲ್ಲ. ಫೋನ್ ನೋಡುತ್ತಾ ಎಲೆ ಹಾಕುತ್ತಾರೆ, ಹೊಸ ಎಲೆ ಎತ್ತಲು ಮರೆಯುತ್ತಾರೆ. ಮುಂದಿನವರು ಆಡಿ ಎಲೆ ಎತ್ತಿಬಿಟ್ಟರೆ ಮುಗಿಯಿತು, ಆ ಎಲೆ ಮತ್ತೆ ಸಿಗಲ್ಲ. ಒಂದು ಸಲ ಆಟ ಮುಗಿಯುವಾಗ ಅವರ ಕೈಯಲ್ಲಿ ಎರಡೇ ಎಲೆ ಇದ್ದವು. ನಿಯಮದ ಚೀಟಿ ಅವರೇ ಓದಿದ್ದು, ಅಲ್ವಾ?

ಲೆಕ್ಕ ಹಾಕುವವಳು ನನ್ನ ಮಗಳು. ಹನ್ನೊಂದು ವರ್ಷ. ಒಂದು ದಿನ ಡೈಮಂಡ್ ಹತ್ತು ಎರಡೂ ಅವಳ ಕೈಗೆ ಬಂದವಂತೆ. ಇಡಲೇ ಇಲ್ಲ. ಬೇರೆ ಬೇರೆ ಎಲೆ ಹಾಕಿಕೊಂಡು ನಿಧಾನವಾಗಿ ಆ ಮನೆಯ ಎರಡೂ ಕಡೆ ಬಿಲ್ಲೆ ಇಟ್ಟಳು, ಎಡಕ್ಕೆ ಎರಡು, ಬಲಕ್ಕೆ ಎರಡು. ನಡುವಿನ ಮನೆ ಖಾಲಿ. ನಾವೆಲ್ಲ ಡೈಮಂಡ್ ಹತ್ತು ಹುಡುಕುತ್ತಾ ಕೂತೆವು. ಇರುವುದೇ ಎರಡು, ಎರಡೂ ಅವಳ ಹತ್ತಿರ. ಎರಡು ಕಣ್ಣಿನ ಗುಲಾಮ ಬಂದರೆ ಮಾತ್ರ ಆ ಮನೆಗೆ ಬೇರೆಯವರು ಹೋಗಬಹುದಿತ್ತು, ಅವನು ಯಾರಿಗೂ ಬರಲಿಲ್ಲ. ಆಮೇಲೆ ನಾನೂ ಇದನ್ನು ಕಲಿತೆ. ಒಂದು ಎಲೆಯ ಒಂದು ಮನೆ ಆಗಲೇ ತುಂಬಿದ್ದು, ಇನ್ನೊಂದು ಎಲೆ ನನ್ನ ಕೈಯಲ್ಲಿದ್ದರೆ, ಉಳಿದ ಮನೆ ನನ್ನದೇ. ಅವಸರ ಬೇಡ. ನಾನು ಮೂಲೆಗಿಂತ ನಡುವಿನ ಮನೆಗಳನ್ನೇ ಹಿಡಿಯುತ್ತೇನೆ, ಯಾವ ಕಡೆಗೆ ಬೇಕಾದರೂ ಸಾಲು ಬೆಳೆಸಬಹುದು.

ಆಡುವಾಗ ಕಾಂಗ್ರೆಸ್ ಕಡಲೆಕಾಯಿ ನಿಷೇಧ. ಒಮ್ಮೆ ಆಟೀನ್ ರಾಣಿಯ ಬೆನ್ನ ಮೇಲೆ ಖಾರದಪುಡಿ, ಎಣ್ಣೆ ಅಂಟಿ ಕಲೆ ಉಳಿಯಿತು. ಈಗ ಅವಳು ಯಾರ ಕೈಯಲ್ಲಿದ್ದಾಳೆ ಅಂತ ಇಡೀ ಮನೆಗೆ ಗೊತ್ತು.

ಇನ್ನು ಗುಲಾಮರ ವಿಷಯಕ್ಕೆ ಬರುತ್ತೇನೆ. 104ರಲ್ಲಿ ಎಂಟು ಅಂದರೆ ಹದಿಮೂರಕ್ಕೆ ಒಂದು. ಆರು ಜನಕ್ಕೆ ಮೂವತ್ತು ಎಲೆ ಹಂಚಿದಾಗ ಸರಾಸರಿ ಎರಡು ಚಿಲ್ಲರೆ ಗುಲಾಮರು ಮಾತ್ರ ಹೊರಗೆ ಬಂದಿರುತ್ತಾರೆ. ಅಪರೂಪ. ಅದಕ್ಕೆ ಇದರಲ್ಲಿ ಒಬ್ಬೊಬ್ಬರದು ಒಂದೊಂದು ಬುದ್ಧಿ. ನನ್ನ ಹೆಂಡತಿ ಕೈಗೆ ಬಂದ ತಕ್ಷಣ ಹಾಕಿಬಿಡುತ್ತಾಳೆ, ಎಲ್ಲೋ ಮೂಲೆಯಲ್ಲಿ ಒಂಟಿ ಬಿಲ್ಲೆ ಕಂಡರೂ ಶುಕ್ರಾಚಾರ್ಯನನ್ನು ಛೂ ಬಿಡುತ್ತಾಳೆ. ಅಮ್ಮ ಇಟ್ಟುಕೊಳ್ಳುತ್ತಾಳೆ. ಇಟ್ಟುಕೊಳ್ಳುವುದು ಸರಿ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಕೈಯಲ್ಲಿ ಐದೇ ಎಲೆ ಅನ್ನುವುದನ್ನು ಮರೆಯಬಾರದು. ಒಂದು ಗುಲಾಮನನ್ನು ಎತ್ತಿಟ್ಟರೆ ಆರಿಸಲು ನಾಲ್ಕು ಎಲೆ, ಎರಡು ಎತ್ತಿಟ್ಟರೆ ಮೂರು. ಮಿಕ್ಕ ಎಲೆಗಳಲ್ಲಿ ಬಂದದ್ದನ್ನು ಬಂದ ಹಾಗೆ ಹಾಕಬೇಕಾಗುತ್ತದೆ.

ಹೋದ ಭಾನುವಾರ ನಾನೂ ಅಮ್ಮನೂ ಒಂದು ತಂಡ. ಅಕ್ಕ ಮತ್ತು ನನ್ನ ಹೆಂಡತಿಯ ನೀಲಿ ಬಿಲ್ಲೆ ನಾಲ್ಕು ಸಾಲಾಗಿ ನಿಂತಿದ್ದವು, ಒಂದು ಕಡೆ ತೆರೆದಿತ್ತು. ಅಲ್ಲಿರುವುದು ಕಳಾವರ್ ಆರು. ನನ್ನ ಹತ್ತಿರ ಕಳಾವರ್ ಆರೂ ಇಲ್ಲ, ಗುಲಾಮನೂ ಇಲ್ಲ. ಸರದಿ ಅಮ್ಮನದು, ಅವಳಾದ ಮೇಲೆ ಅಕ್ಕ. ನಾನು ಸುಮ್ನೆ ಕೆಮ್ಮಿದೆ. ಭಾವ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ನೀರು ಕುಡಿದೆ.

ಅಮ್ಮ ಎಲೆಗಳನ್ನು ಒಂದು ಸಲ ಬಿಡಿಸಿ ನೋಡಿದಳು, ಮುಚ್ಚಿದಳು. ಇಸ್ಪೀಟ್ ಮೂರು ಹಾಕಿ, ಆ ಸಾಲಿಗೆ ಸಂಬಂಧವೇ ಇಲ್ಲದ ಕಡೆ ಒಂದು ಬಿಲ್ಲೆ ಇಟ್ಟಳು. ಅಕ್ಕ ಕಳಾವರ್ ಆರು ಹಾಕಿದಳು. ಆಟ ಮುಗಿಯಿತು.

ಅಮ್ಮ ತನ್ನ ಎಲೆಗಳನ್ನು ಮಗುಚಿ ಕಟ್ಟಿಗೆ ಸೇರಿಸಲು ಹೋದಳು. ಮಗಳು ಬಿಡಲಿಲ್ಲ, ಕಿತ್ತುಕೊಂಡು ನೆಲದ ಮೇಲೆ ಹರಡಿದಳು. ಐದರಲ್ಲಿ ಮೂರು ಗುಲಾಮರು. ಇಬ್ಬರು ಶುಕ್ರಾಚಾರ್ಯರು, ಒಬ್ಬ ಎರಡು ಕಣ್ಣಿನವನು.

'ಅಮ್ಮಾ, ಇದನ್ನ ಯಾವಾಗ ಹಾಕ್ಬೇಕು ಅಂತ ಇದ್ದೆ?'

'ಇನ್ನೂ ಅರ್ಜೆಂಟ್ ಬರುತ್ತೆ ಅಂದ್ಕೊಂಡೆ.'

'ಇದಕ್ಕಿಂತ ಅರ್ಜೆಂಟ್ ಇನ್ನೇನು ಬರ್ಬೇಕಿತ್ತು?'

ಅಮ್ಮ ಉತ್ತರ ಕೊಡಲಿಲ್ಲ. ಮೂರು ಗುಲಾಮರನ್ನೂ ಎತ್ತಿಕೊಂಡು, ಸೆರಗಿನಲ್ಲಿ ಒಂದೊಂದಾಗಿ ಒರೆಸಿ, ಕಟ್ಟಿಗೆ ಸೇರಿಸಿದಳು. ಭಾವ ಗಡಿಯಾರ ನೋಡಿದರು, ಒಂಬತ್ತೂವರೆ. ಮೆಟ್ರೊ ತಪ್ಪಿದರೆ ಕಷ್ಟ ಅಂದರು.

'ತಪ್ಪಿದ್ರೆ ಇಲ್ಲೇ ಮಲಗಿ' ಅಂದಳು ಅಮ್ಮ. 'ಹಂಚೋ.'