ಫುಟ್‌ಬಾಲ್ ಕ್ಲಬ್ಬು, ಕಾಫಿ ಕ್ಲಬ್ಬು: ನನ್ನ ಬೆಂಗಳೂರು ನಕ್ಷೆಯ ಐದನೇ ತಿಂಗಳು

ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬುಗಳನ್ನೂ, ನಿಂತು ತಿಂದು ಹೊರಡುವ ತಿಂಡಿ ಹೋಟೆಲುಗಳನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಲು ಹೊರಟು ಐದು ತಿಂಗಳಾಯಿತು. ಪ್ರತಿಯೊಂದಕ್ಕೂ ಒಂದು ರಟ್ಟಿನ ಚೀಟಿ ಬರೆಯುತ್ತಿದ್ದೇನೆ; ಕ್ಲಬ್ಬಿಗೆ ಹಸಿರು ಶಾಯಿ, ಹೋಟೆಲಿಗೆ ಕೆಂಪು. ಈವರೆಗೆ 64 ಚೀಟಿಗಳಾಗಿವೆ.

ಈ ತಿಂಗಳ ಬಹುಪಾಲು ಹಳೆಯ ತಪ್ಪುಗಳನ್ನು ತಿದ್ದುವುದರಲ್ಲೇ ಕಳೆಯಿತು. ರಾಜ್ಯ ತಂಡಗಳ ನಡುವಿನ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯ ಚೀಟಿಯನ್ನು ‘ಕರ್ನಾಟಕ’ ಎಂಬ ಹೆಸರು ಹಿಡಿದು ಸಿದ್ಧಪಡಿಸಿದ್ದರಿಂದ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ಪಡೆದ ಗೆಲುವೊಂದೇ ಅದರಲ್ಲಿತ್ತು. ರಾಜ್ಯಕ್ಕೆ ಈಗಿನ ಹೆಸರು ಬಂದದ್ದು 1973ರಲ್ಲಿ; ಅದಕ್ಕೂ ಮೊದಲು 1946-47, 1952-53, 1967-68 ಮತ್ತು 1968-69ರಲ್ಲಿ ‘ಮೈಸೂರು’ ತಂಡ ನಾಲ್ಕು ಬಾರಿ ಗೆದ್ದದ್ದು ನನ್ನ ಚೀಟಿಯಿಂದ ಜಾರಿಹೋಗಿತ್ತು. ಹೋಟೆಲುಗಳ ಕಡೆಯೂ ಇದೇ ತೊಡಕು. ಎಂ.ಟಿ.ಆರ್. 1924ರಲ್ಲಿ ಆರಂಭವಾದಾಗ ಅದರ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’ ಎಂದಿತ್ತು. ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು 1960ರಲ್ಲಿ. ನಮ್ಮ ಹಿರಿಯರ ಬಾಯಲ್ಲಿ ಹೋಟೆಲೂ ‘ಕ್ಲಬ್ಬೇ’ ಆಗಿತ್ತೆಂಬುದು ಆಗ ನೆನಪಾಯಿತು. ಇನ್ನು ಮುಂದೆ ಪ್ರತಿ ಚೀಟಿಯ ತಲೆಯಲ್ಲಿ ಆಯಾ ಸಂಸ್ಥೆಯ ಎಲ್ಲ ಹೆಸರುಗಳನ್ನೂ ಇಸವಿಯೊಂದಿಗೆ ಬರೆಯುತ್ತೇನೆ.

ಹಸಿರು ಚೀಟಿಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಬೆಂಗಳೂರು ಮುಸ್ಲಿಮ್ಸ್’ ತಂಡದ್ದು. 1891ರಿಂದ ಬಾಂಬೆಯಲ್ಲಿ ನಡೆಯುತ್ತಿದ್ದ, ಬ್ರಿಟಿಷ್ ಸೇನಾ ತಂಡಗಳೇ ಗೆಲ್ಲುತ್ತ ಬಂದಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಇದು. ಮರುವರ್ಷವೂ ಕಪ್ ಇವರದೇ ಆಯಿತು. ಇಷ್ಟು ದೊಡ್ಡ ಸಂಗತಿ ನಮ್ಮ ಶಾಲಾ ಪಾಠಗಳಲ್ಲಿ ಒಂದು ಸಾಲಾಗಿಯೂ ಬರಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ನೋವಾಗುತ್ತದೆ. ಬೆಂಗಳೂರಿನಲ್ಲೇ ಆಡಿ ಬೆಳೆದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕಾಗಿ ಆಡಿದರು, ಬಳಿಕ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಅಲ್ಲಿ ‘ಪಂಚ ಪಾಂಡವ’ರೆಂದೇ ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರೆನಿಸಿದರು. ಅದೇ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್.

ಎಚ್‌.ಎ.ಎಲ್., ಐ.ಟಿ.ಐ. ಮುಂತಾದ ಕಾರ್ಖಾನೆಗಳ ತಂಡಗಳ ಚೀಟಿಗಳಿಗೆ ಬೇಕಾದ ವಿವರ ಇನ್ನೂ ತೆಳುವಾಗಿದೆ. ಆದರೆ ನಮ್ಮ ಬೀದಿಯಲ್ಲಿರುವ, ಹಿಂದೆ ಕಾರ್ಖಾನೆಯ ತಂಡವೊಂದರಲ್ಲಿ ಆಡಿದ ಹಿರಿಯರೊಬ್ಬರು ಕಳೆದ ಭಾನುವಾರ ತಮ್ಮ ಬೂಟನ್ನು ಹೊರತೆಗೆದು ತೋರಿಸಿದರು. ಅದರ ಅಟ್ಟೆಗೆ ಚರ್ಮದ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಮೊಳೆ ಹೊಡೆದಿದ್ದ ಸ್ಟಡ್ಡುಗಳಲ್ಲಿ ಎರಡು ಉದುರಿಹೋಗಿದ್ದವು. “ಚರ್ಮ ಸವೀತಾ ಬಂದ್ರೆ ಮೊಳೆ ಒಳಗಡೆ ಚುಚ್ಚೋದು ಕಣಪ್ಪ, ಹಾಫ್ ಟೈಮಲ್ಲಿ ಕಲ್ಲು ತಗೊಂಡು ಬಡಿತಿದ್ವಿ” ಎಂದರು. ಬೂಟಿನ ಒಳಗೆ ಬೆರಳಾಡಿಸಿ ನೋಡಿದೆ; ಒಂದು ಮೊಳೆಯ ಮೊನೆ ಈಗಲೂ ಕೈಗೆ ತಾಗುತ್ತದೆ.

ಕೆಂಪು ಚೀಟಿಗಳಲ್ಲಿ ಮುಖ್ಯವಾದ ತಿರುವು 1983ರದು. ಆ ವರ್ಷ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾಯಿತು. ಆ ಕಲ್ಪನೆಯ ಶ್ರೇಯಸ್ಸು ಆರ್. ಪ್ರಭಾಕರ್ ಅವರಿಗೆ ಸಲ್ಲುತ್ತದೆ. ಕುರ್ಚಿಯಿಲ್ಲ, ಮಾಣಿಯಿಲ್ಲ, ಹಣ ಕೊಟ್ಟು ಟೋಕನ್ ಪಡೆದು, ಕಣ್ಣೆದುರೇ ಸಿದ್ಧವಾಗುವ ಇಡ್ಲಿ-ವಡೆಯನ್ನು ತಟ್ಟೆಯಲ್ಲಿ ತಂದು ಎದೆಮಟ್ಟದ ಮೇಜಿನ ಬಳಿ ನಿಂತು ತಿನ್ನುವುದು. ಜಾಗವೂ ಆಳೂ ಕಡಿಮೆ ಸಾಕಾದ್ದರಿಂದ ಬೆಲೆಯನ್ನು ತಗ್ಗಿಸಿಡಲು ಸಾಧ್ಯವಾಯಿತು, ‘ದರ್ಶಿನಿ’ ಎಂಬ ಅಂಕಿತನಾಮವೇ ಊರೆಲ್ಲ ಹರಡಿ ಆ ಬಗೆಯ ಹೋಟೆಲಿಗೆಲ್ಲ ಸಾಮಾನ್ಯ ನಾಮವಾಯಿತು.

ಚುಕ್ಕಿಗಳನ್ನೆಲ್ಲ ಇಟ್ಟು ನೋಡಿದಾಗ ಹಸಿರು ಹೆಚ್ಚಾಗಿ ದಂಡು ಪ್ರದೇಶದಲ್ಲೂ ಪೂರ್ವದ ಕಾರ್ಖಾನೆಗಳ ಕಡೆಯೂ, ಕೆಂಪು ಮಾವಳ್ಳಿ, ಬಸವನಗುಡಿ, ಜಯನಗರದ ಕಡೆಯೂ ಗುಂಪುಗೂಡಿದವು. ಎರಡೂ ಹತ್ತಿರವಾಗುವುದು ಬ್ರಿಗೇಡ್ ರಸ್ತೆಯ ಸುತ್ತ. 1995ರ ಜೂನ್‌ನಲ್ಲಿ ಕೆ.ಎಫ್.ಸಿ. ಭಾರತದ ತನ್ನ ಮೊದಲ ಮಳಿಗೆಯನ್ನು ತೆರೆದದ್ದೂ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತ ಸಂಘ ಅದನ್ನು ತೀವ್ರವಾಗಿ ವಿರೋಧಿಸಿದ್ದೂ, ಮರುವರ್ಷ ಕೆಫೆ ಕಾಫಿ ಡೇ ಹುಟ್ಟಿದ್ದೂ ಇದೇ ರಸ್ತೆಯಲ್ಲಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವನ್ನೇ ತವರು ಮಾಡಿಕೊಂಡು ಬೆಂಗಳೂರು ಎಫ್‌.ಸಿ. 2013-14ರ ತನ್ನ ಮೊದಲ ಋತುವಿನಲ್ಲೇ, ಆಗ ದೇಶದ ಅಗ್ರ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು.

ಮುಂದಿನ ತಿಂಗಳು ಹಲಸೂರು ಬಳಿಯ, ಪೆಲೆಯ ಪ್ರತಿಮೆಯಿರುವ ಗೌತಮಪುರಕ್ಕೂ ಆಸ್ಟಿನ್ ಟೌನ್ ಮೈದಾನಕ್ಕೂ ಹೋಗಿ, ಆಟ ಮುಗಿದ ಮೇಲೆ ಹುಡುಗರು ಎಲ್ಲಿ ತಿಂಡಿ ತಿನ್ನುತ್ತಿದ್ದರೆಂದು ಅಲ್ಲಿನ ಹಳೆಯ ಆಟಗಾರರನ್ನು ಕೇಳುವವನಿದ್ದೇನೆ. ಅದಕ್ಕಾಗಿ ಹನ್ನೆರಡು ಖಾಲಿ ಚೀಟಿಗಳನ್ನು ಕತ್ತರಿಸಿ ಇಟ್ಟಿದ್ದೇನೆ.