ಬೆಳಗ್ಗೆ 6.10ಕ್ಕೆ 46

ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಇತ್ತು. ಬೆಳಗ್ಗೆ 8 ಗಂಟೆಗೆ ಆಸ್ಪತ್ರೆಯಲ್ಲಿರಬೇಕು, ದಾರಿ ಒಂದೂವರೆ ಗಂಟೆಯದು. ಕಾರು ನಾನೇ ಓಡಿಸುತ್ತೇನೆ ಅಂತ ವಾರದ ಹಿಂದೆಯೇ ಹೇಳಿದ್ದೆ. ಹಿಂದಿನ ರಾತ್ರಿ ಗೆಳೆಯನ ಮನೆಯಲ್ಲಿ ಕೂತೆವು. 8.30ಕ್ಕೆ ಶುರು, 12.30ಕ್ಕೆ ಕೊನೆಯ ಗ್ಲಾಸ್ ಖಾಲಿ. ನಾಲ್ಕು ಲಾರ್ಜ್ ವಿಸ್ಕಿ, ಒಂದೊಂದೂ 60 ಎಂಎಲ್. ನಡುವೆ ನೀರು ಕುಡಿದೆ, ಹೊಟ್ಟೆ ತುಂಬ ಊಟ ಮಾಡಿದೆ, ಕುಡಿಯದ ಗೆಳೆಯನೊಬ್ಬ ಮನೆಗೆ ಬಿಟ್ಟ. ಎಲ್ಲ ಸರಿಯಾಗಿಯೇ ಮಾಡಿದ್ದೇನೆ ಅಂದುಕೊಂಡು ಮಲಗಿದೆ.

5.15ಕ್ಕೆ ಎದ್ದು ತಣ್ಣೀರು ಸ್ನಾನ ಮಾಡಿದೆ. ಎರಡು ಲೋಟ ಗಟ್ಟಿ ಕಾಫಿ ಕುಡಿದೆ. ತಲೆ ಸ್ವಲ್ಪ ಭಾರ ಅನ್ನೋದು ಬಿಟ್ಟರೆ ನಾನು ಆರಾಮಾಗಿದ್ದೆ. ಮಾತು ತೊದಲುತ್ತಿರಲಿಲ್ಲ, ನಡಿಗೆ ನೆಟ್ಟಗಿತ್ತು. ರಾತ್ರಿಯದೆಲ್ಲ ಇಳಿದಿದೆ ಅಂತ ನಂಬಿ ಕೀ ತೆಗೆದುಕೊಂಡೆ.

ಅಕ್ಕ-ಭಾವ ಆಪರೇಷನ್‌ಗೆಂದೇ ಬಂದಿದ್ದರು. ಭಾವನದು ಲಾರಿ ವ್ಯವಹಾರ. ಬೆಳಗ್ಗೆ ಡ್ರೈವರ್ ಊದಿ ತೋರಿಸದೆ ಅವರ ಲಾರಿ ಹೊರಡುವುದಿಲ್ಲ. ಉಸಿರಲ್ಲಿ ಆಲ್ಕೋಹಾಲ್ ಅಳೆಯುವ ಆ ಯಂತ್ರ ಅವರ ಬ್ಯಾಗಿನಲ್ಲೇ ಇತ್ತು. "ಒಂದ್ಸಲ ಊದು" ಅಂದರು. ನನಗೆ ಸ್ವಲ್ಪ ಬೇಜಾರಾಯಿತು. ಬಾಯಿಗೆ ಮೌತ್‌ವಾಶ್ ಹಾಕಿದ್ದೆ ಅಂದಾಗ, "ಹಾಗಾದ್ರೆ 15 ನಿಮಿಷ ತಡಿ, ಅದರಲ್ಲೂ ಆಲ್ಕೋಹಾಲ್ ಇರುತ್ತೆ, ಸುಮ್ನೆ ಜಾಸ್ತಿ ತೋರಿಸುತ್ತೆ" ಅಂದರು. ಕಾದೆವು. ಬಿಳಿ ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿ ಕೊಟ್ಟರು. ಊದುತ್ತಿದ್ದಷ್ಟು ಹೊತ್ತೂ ಯಂತ್ರ ಕುಂಯ್ ಅನ್ನುತ್ತಿತ್ತು. ಎದೆಯ ಗಾಳಿ ಮುಗಿಯುವ ಹೊತ್ತಿಗೆ ಟಕ್ ಅಂತ ಸದ್ದಾಯಿತು. ಗಂಟೆ 6.10. ಯಂತ್ರದಲ್ಲಿ 46.

ಅಂದರೆ 100 ಎಂಎಲ್ ರಕ್ತದಲ್ಲಿ ಇನ್ನೂ 46 ಮಿಲಿಗ್ರಾಂ ಆಲ್ಕೋಹಾಲ್. ರಕ್ತದಲ್ಲಿರುವ ಆಲ್ಕೋಹಾಲ್ ಶ್ವಾಸಕೋಶದ ಗಾಳಿಗೂ ಇಳಿಯುತ್ತದೆ. ಆ ಗಾಳಿಯನ್ನು ಅಳೆದು ಯಂತ್ರ ರಕ್ತದ ಲೆಕ್ಕ ಹೇಳುತ್ತದೆ. ಬಾಯಿ ತೊಳೆದರೂ ಏಲಕ್ಕಿ ಅಗಿದರೂ ಅದು ಕಮ್ಮಿಯಾಗುವುದಿಲ್ಲ.

ಕೀ ಭಾವನ ಕೈಗೆ ಕೊಟ್ಟೆ. ಅಮ್ಮ ಏನೂ ಕೇಳಲಿಲ್ಲ, ಮುಂದಿನ ಸೀಟಿನಲ್ಲಿ ಕೂತಳು. ನಾನು ಅಕ್ಕನ ಜೊತೆ ಹಿಂದೆ.

"ಕಾಫಿ ಕುಡಿದೆನಲ್ಲ ಭಾವ, ಸ್ನಾನಾನೂ ಮಾಡಿದೆ" ಅಂದೆ. "ಕಾಫಿ ನಿದ್ದೆ ಓಡಿಸುತ್ತೆ ಅಷ್ಟೇ. ಲಿವರ್ ತನ್ನ ಸ್ಪೀಡಲ್ಲೇ ಕೆಲಸ ಮಾಡೋದು" ಅಂದರು. ನಿದ್ದೆ ಹಾರಿದವನಿಗೆ ಅಮಲೂ ಹಾರಿತು ಅನ್ನಿಸುತ್ತದೆ, ಅಲ್ವಾ? ನನಗೆ ಆಗಿದ್ದು ಅದೇ.

ದಾರಿಯಲ್ಲಿ 7.10ಕ್ಕೆ ಮತ್ತೆ ಊದಿದೆ, 33. ಆಸ್ಪತ್ರೆಯಲ್ಲಿ ಅಮ್ಮನನ್ನು ಒಳಗೆ ಕರೆದುಕೊಂಡು ಹೋದ ಮೇಲೆ, 8.15ಕ್ಕೆ 18. ಗಂಟೆಗೆ ಹದಿಮೂರು ಹದಿನಾಲ್ಕರಂತೆ ಇಳಿಯುತ್ತಿತ್ತು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಹೆಚ್ಚಿನವರಲ್ಲಿ ಈ ವೇಗ ಗಂಟೆಗೆ 10ರಿಂದ 20ರ ಒಳಗೆ ಇರುತ್ತದಂತೆ. ಲಿವರ್ ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಅಸಿಟೇಟ್. ಕೊನೆಗೆ ಅದು ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಬೆವರು, ಮೂತ್ರ, ಉಸಿರಲ್ಲಿ ಹೋಗುವುದು ತೀರಾ ಸ್ವಲ್ಪ. ಅದಕ್ಕೇ ಬೆವರಿಳಿಸಿದರೂ ನೀರು ಕುಡಿದರೂ ಬೇಗ ಇಳಿಯುವುದಿಲ್ಲ. ನಿದ್ದೆ ಮಾಡಿದರೂ ಅಷ್ಟೇ, ಗಂಟೆಗಳು ಗೊತ್ತಾಗದಂತೆ ಕಳೆಯುತ್ತವೆ, ಅಷ್ಟು ಮಾತ್ರ.

ಹೊರಗೆ ಬೆಂಚಿನ ಮೇಲೆ ಕೂತು, ಅಮ್ಮನ ಫೈಲಿನಲ್ಲಿದ್ದ ಖಾಲಿ ಹಾಳೆಯ ಮೇಲೆ ಭಾವ ಲೆಕ್ಕ ಬರೆದರು. 60 ಎಂಎಲ್ ವಿಸ್ಕಿಯಲ್ಲಿ ಹೆಚ್ಚುಕಮ್ಮಿ 20 ಗ್ರಾಂ ಆಲ್ಕೋಹಾಲ್. ನಾಲ್ಕಕ್ಕೆ 80. ನನ್ನ ತೂಕ 66 ಕೆಜಿ. ಆಲ್ಕೋಹಾಲ್ ಹರಡುವುದು ಮೈಯ ನೀರಿನಲ್ಲಿ, ಅದಕ್ಕೇ ಗಂಡಸಿಗೆ ತೂಕವನ್ನು 0.68ರಿಂದ ಗುಣಿಸಬೇಕು, 45 ಬಂತು. 80ನ್ನು 45ರಿಂದ ಭಾಗಿಸಿ, ಯಂತ್ರದ ಅಳತೆಗೆ ತರಲು 100ರಿಂದ ಗುಣಿಸಿದರೆ ಒಟ್ಟು 178ರ ಹತ್ತಿರ. ರಾತ್ರಿ 8.30ರಿಂದ ಬೆಳಗ್ಗೆ 6.10ರವರೆಗೆ ಕಳೆದದ್ದು ಸುಮಾರು 130. ಉಳಿದದ್ದು 48. ಯಂತ್ರ ತೋರಿಸಿದ್ದು 46! ಈ ಸೂತ್ರವನ್ನು ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರಲ್ಲೇ ಬರೆದಿಟ್ಟಿದ್ದರು ಅಂತ ಆಮೇಲೆ ಓದಿ ತಿಳಿದೆ. ಇದು ಅಂದಾಜಿನ ಲೆಕ್ಕ, ಒಬ್ಬೊಬ್ಬರ ಮೈ ಒಂದೊಂದು ಥರ. ಆದರೂ ಆ ಹಾಳೆ ನೋಡಿ ನನಗೆ ಎದೆ ಝಲ್ ಅಂದಿತು. ಇಷ್ಟು ವರ್ಷ ಎಷ್ಟು ಬೆಳಗ್ಗೆಗಳಲ್ಲಿ ಹೀಗೇ ಕೀ ತೆಗೆದುಕೊಂಡು ಹೊರಟಿದ್ದೇನೋ.

ಊಟ ಮಾಡಿದ್ದರಿಂದ ಏನೂ ಆಗಲಿಲ್ವಾ ಅಂತ ಕೇಳಿದೆ. ಹೊಟ್ಟೆ ತುಂಬಿದ್ದರೆ ನಿಧಾನಕ್ಕೆ ಏರುತ್ತದೆ, ಏಕೆಂದರೆ ಆಲ್ಕೋಹಾಲ್ ಬಹುಪಾಲು ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ, ಅಲ್ಲಿಗೆ ಹೋಗುವುದು ತಡವಾಗುತ್ತದೆ. ಆದರೆ ಕುಡಿದದ್ದನ್ನು ಲಿವರ್ ಕರಗಿಸಲೇಬೇಕು. ಅಕ್ಕ ಇನ್ನೊಂದು ಕೇಳಿದಳು: "ಇಷ್ಟೇ ತೂಕದ ಹೆಂಗಸು ಇಷ್ಟೇ ಕುಡಿದಿದ್ರೆ?" ಹೆಂಗಸರ ಮೈಯಲ್ಲಿ ನೀರಿನ ಪಾಲು ಕಮ್ಮಿ, ಹಾಗಾಗಿ ಸಾಮಾನ್ಯವಾಗಿ ಅವರಲ್ಲಿ ಅಂಕಿ ಇನ್ನೂ ಮೇಲೆ ಹೋಗುತ್ತದೆ.

9.15ಕ್ಕೆ 5. 10 ಗಂಟೆಗೆ ಸೊನ್ನೆ. ಕುಡಿಯಲು ಶುರು ಮಾಡಿ ಹದಿಮೂರೂವರೆ ಗಂಟೆ ಆಗಿತ್ತು.

ಸೊನ್ನೆ ಬಂದ ತಕ್ಷಣ ಕೀಗೆ ಕೈ ಚಾಚಿದೆ. "ಈಗಲೇ ಬೇಡ" ಅಂದರು ಭಾವ. ನಿದ್ದೆ ಸರಿಯಾಗಿರಲಿಲ್ಲ, ಬಾಯಿ ಒಣಗಿತ್ತು, ತಲೆ ಹಣೆಯ ಹತ್ತಿರ ಹಿಡಿದುಕೊಂಡಿತ್ತು. ಅಂಕಿ ಸೊನ್ನೆಯಾದರೂ ಹ್ಯಾಂಗೋವರ್ ಇದ್ದಾಗ ಗಮನ ಜಾರುತ್ತದೆ, ಕೈಕಾಲು ಸ್ಪಂದಿಸುವುದು ತಡವಾಗುತ್ತದೆ. ನನಗೆ ಅದು ಅಲ್ಲೇ ಗೊತ್ತಾಯಿತು: ನರ್ಸ್ ಅಮ್ಮನ ಹೆಸರು ಎರಡು ಸಲ ಕೂಗಿದರೂ ನಾನು ಎದ್ದಿರಲಿಲ್ಲ. ಅಕ್ಕ ಭುಜ ತಟ್ಟಿದಳು.

ಊಟ ಮಾಡಿ ಕಾರಿನ ಸೀಟು ಹಿಂದಕ್ಕೆ ಒರಗಿಸಿ ಎರಡು ಗಂಟೆ ಮಲಗಿದೆ. ಎದ್ದಾಗ ತಲೆ ಹಗುರವಾಗಿತ್ತು. ನಾಲ್ಕಕ್ಕೆ ಅಮ್ಮ ಹೊರಗೆ ಬಂದಳು, ಬಲಗಣ್ಣಿಗೆ ಪಟ್ಟಿ. ಭಾವ ನನ್ನ ಮುಖ ನೋಡಿದರು, ಏನೂ ಹೇಳದೆ ಕೀ ಕೊಟ್ಟರು. ಬೆಲ್ಟ್ ಹಾಕುವಾಗ ಅಮ್ಮ ಕೇಳಿದಳು, "ಯಾರಪ್ಪಾ ಓಡಿಸೋದು?"

"ನಾನೇ ಅಮ್ಮಾ" ಅಂದೆ.